ಬರದ ಕೊಡ್ರಿ, ಸರ್

ಸಾಲ ವಸೂಲಿಗೆ ಬರುವವರ ಬಾಯಿ ನೋಡಬೇಕು. ತಾಯಿ, ಅಕ್ಕ, ತಂಗಿ, ಯಾರನ್ನೂ ಬಿಡುವುದಿಲ್ಲ. ಅದೇ ಮಾತನ್ನು ಕಾಗದದ ಮೇಲೆ ಬರೆ ಅನ್ನಿ, ಪೆನ್ನಿನ ಟೊಪ್ಪಿಗೆ ತೆಗೆಯಲಿಕ್ಕೂ ಕೈ ಏಳುವುದಿಲ್ಲ. ನಿಪ್ಪಾಣಿಯಲ್ಲಿ ಬೀಡಿ ಸುತ್ತುವ ಸಕ್ಕುಬಾಯಿ ಇದನ್ನು ಓಣಿಯ ಎದುರಿಗೇ ತೋರಿಸಿಕೊಟ್ಟಳು.

ಗಂಡ ಜ್ಞಾನದೇವನ ಆಪರೇಷನ್ನಿಗೆ ಮಿರಜಿಗೆ ಹೋಗುವಾಗ ಆಕೆ ಮಹಿಳಾ ಗುಂಪಿನಲ್ಲಿ ಸೇರಿ ಒಂದು ಫೈನಾನ್ಸ್ ಕಂಪನಿಯ ಸಾಲ ತೆಗೆದಿದ್ದಳು. ಅರ್ಧಕ್ಕಿಂತ ಹೆಚ್ಚು ತೀರಿಸಿದ್ದಳು ಕೂಡ. ಗಂಡ ಮತ್ತೆ ಹಾಸಿಗೆ ಹಿಡಿದ, ಎರಡು ಕಂತು ತಪ್ಪಿದವು. ಅಷ್ಟಕ್ಕೇ ವಸೂಲಿಗಾರ ಸಂಗ್ರಾಮ ಬೈಕ್ ತಂದು ಬಾಗಿಲಿಗೆ ಅಡ್ಡ ನಿಲ್ಲಿಸಿದ. ಮರಾಠಿಯಲ್ಲಿ ಬೈದ. ಓಣಿಯಲ್ಲಿ ಕನ್ನಡದವರೂ ಇದ್ದಾರಲ್ಲ, ಅವರಿಗೂ ತಿಳಿಯಲೆಂದು ಕನ್ನಡದಲ್ಲಿ ಇನ್ನೊಮ್ಮೆ ಬೈದ. ಒಬ್ಬಳು ತಪ್ಪಿದರೆ ಉಳಿದವರು ಕಟ್ಟಬೇಕಾದ ಆ ಗುಂಪಿನ ಹೆಂಗಸರನ್ನು ಕರೆತಂದು ಕಟ್ಟೆಯ ಮೇಲೆ ಕೂಡಿಸಿ, ‘ಈಕಿ ರೊಕ್ಕ ಇಡೂತನಕ ಯಾರೂ ಏಳಬ್ಯಾಡ್ರಿ’ ಎಂದ. ಒಬ್ಬಳ ಮಾನವನ್ನು ನೆರೆಯವರ ಕೈಯಿಂದಲೇ ಹರಾಜು ಹಾಕಿಸುವ ಈ ಕೆಲಸಕ್ಕೆ ಜಂಟಿ ಹೊಣೆ ಎಂದು ಮರ್ಯಾದೆಯ ಹೆಸರಿಟ್ಟಿದ್ದಾರೆ. ಥೂ!

ಮುಂದಿನ ವಾರದ ರವಿವಾರ ಕಾಗವಾಡದಿಂದ ಮಗಳು ನೀಲಮಳನ್ನು ನೋಡಲು ಬರುವವರಿದ್ದರು. ಅವತ್ತು ಈ ಬೈಕು ಬಾಗಿಲಲ್ಲಿ ನಿಂತರೆ ಕತೆ ಮುಗಿದಂತೆಯೇ. ಹೇಗಾದರೂ ಅದನ್ನು ತಡೆಯಬೇಕು.

‘ಫೋನ್ ಹಚ್ಚಿ ಮ್ಯಾನೇಜರನ ಕಾಲ ಹಿಡೀರಿ ವೈನಿ’ ಎಂದ ಮೈದುನ ಲಖನ.

‘ಫೋನಿನ್ಯಾಗ ಕಾಲ ಹೆಂಗ ಸಿಗ್ತಾವೋ?’

‘ವಾಟ್ಸಾಪ್ ಮಾಡೂಣೇನವಾ?’ ಎಂದಳು ನೀಲಮ.

‘ನೋಡಿ, ನೋಡೇ ಇಲ್ಲ ಅಂತಾನ. ಮುಟ್ಟಿದ್ದಕ್ಕ ಪಾವತಿ ಚೀಟಿ ಸಿಗೂವಂಥದ್ದ ಬೇಕು.’

ಹಾಗಾಗಿ ಟಪಾಲಿನಲ್ಲಿ ಕಾಗದ ಹಾಕುವುದೆಂದು ಆಯಿತು. ಕೋರ್ಟಿನ ಎದುರು ಅರ್ಜಿ ಬರೆಯುವವನ ಹತ್ತಿರ ಹೋದರು. ಆತ ಇವರ ಮಾತು ಪೂರ್ತಿ ಕೇಳುವ ಮೊದಲೇ ಬರೆದು ಮುಗಿಸಿದ: ತಮ್ಮ ಪಾದಕ್ಕೆ ಬಿದ್ದು ಬೇಡುವುದೇನೆಂದರೆ, ದಂಡ ಸಹಿತ ಎಲ್ಲ ಬಾಕಿ ಒಪ್ಪಿಕೊಂಡಿದ್ದೇನೆ, ತಪ್ಪಾಯಿತು, ಕರುಣೆ ತೋರಬೇಕು.

‘ದಂಡ ಎಷ್ಟ ಹಾಕ್ಯಾರ ಅನ್ನೂದ ನನಗ ಗೊತ್ತಿಲ್ಲ. ಒಪ್ಪೀನಿ ಅಂತ ಹೆಂಗ ಬರದ್ರಿ?’

‘ಹಂಗ ಬರಿಯೂ ಪದ್ಧತಿ ಐತೆವ್ವಾ.’

‘ಪದ್ಧತಿ ನಿಮ್ಮ ಕಡೇನ ಇರಲಿ.’

ಆತನ ಕೂಲಿ ಕೊಟ್ಟು, ಕಾಗದ ಹರಿದು, ಆಕೆ ಮನೆಗೆ ಬಂದಳು. ನಮ್ಮ ಕಡೆ ಸಾಲಗಾರ ಪೆನ್ನು ಹಿಡಿದರೆ ಸಾಕು, ಮೊಣಕಾಲು ತಾನಾಗಿ ಮಡಚಿಕೊಳ್ಳುತ್ತದೆ. ಬಡ್ಡಿ ಎಣಿಸಿ ತೆಗೆದುಕೊಳ್ಳುವವನಿಗೆ ಪಾದಪೂಜೆ ಬೇರೆ ಯಾಕೆ? ಆಕೆ ಸಾಲ ತೆಗೆದಿದ್ದಳು, ಕಳವು ಮಾಡಿರಲಿಲ್ಲ.

ತಾಯಿ ಹೇಳಿದಂತೆ ನೀಲಮ ಬರೆದಳು. ಸಾಲ ನನ್ನದು, ಕಟ್ಟುತ್ತೇನೆ. ಈಗ ತಿಂಗಳಿಗೆ ಅರ್ಧ ಕಂತು ಕಟ್ಟಲು ಆಗುತ್ತದೆ. ದಂಡದ ಲೆಕ್ಕ ಕಳಿಸಿರಿ, ನೋಡಿ ಹೇಳುತ್ತೇನೆ. ಮನೆಗೆ ಬರಬೇಡಿರಿ, ಫೋನ್ ಮಾಡಬೇಡಿರಿ. ಹೇಳುವುದೇನಿದ್ದರೂ ಬರೆದು ಕಳಿಸಿರಿ.

ಝೆರಾಕ್ಸ್ ತೆಗೆಸಿ, ಸ್ಪೀಡ್ ಪೋಸ್ಟ್ ಮಾಡಿ, ಪಾವತಿ ಚೀಟಿಯನ್ನು ದೇವರ ಫೋಟೋದ ಹಿಂದೆ ಸಿಕ್ಕಿಸಿದರು.

ಕಾಗದ ಮುಟ್ಟಿತು. ಮುಟ್ಟಿದ್ದಕ್ಕೇ ಸಂಗ್ರಾಮನಿಗೆ ಉರಿ ಹತ್ತಿತು. ರವಿವಾರ ಬೀಗರು ಅವಲಕ್ಕಿಯ ತಾಟಿಗೆ ಕೈ ಹಾಕಿದ್ದರು, ಅಷ್ಟರಲ್ಲಿ ಬಾಗಿಲಿಗೆ ಬೈಕು ಬಂದು ನಿಂತಿತು. ಹಿಂದಿನಿಂದ ಗುಂಪಿನ ಮುಖ್ಯಸ್ಥೆ ಸುಗಂಧಾ, ಉಳಿದ ಹೆಂಗಸರು ತಲೆ ತಗ್ಗಿಸಿ ಬಂದರು.

‘ಏ ಬಾಯಿ, ಕಂಪನಿಗೆ ಕಾಗದ ಬರಿಯೂವಷ್ಟ ದೊಡ್ಡಾಕಿ ಆದೇನ? ಇವತ್ತ ರೊಕ್ಕ ಇಡು. ಇಲ್ಲಂದ್ರ ಮಗಳನ್ನ ಹೆಂಗ ಕೊಡ್ತೀ ನೋಡೇ ಬಿಡ್ತೀನಿ!’

ಸಕ್ಕುಬಾಯಿ ಒಳಗೆ ಹೋದಳು. ಬೀಡಿ ಸುತ್ತುವ ಮೊರವನ್ನು ಬೋರಲು ಹಾಕಿ, ಮೇಲೆ ಬಿಳಿ ಕಾಗದ, ಪೆನ್ನು ಇಟ್ಟುಕೊಂಡು ಹೊರಗೆ ಬಂದಳು.

‘ಈಗ ಅಂದ್ರಲ್ಲ, ಅಷ್ಟೂ ಬರದ ಕೊಡ್ರಿ, ಸರ್. ಮಗಳ ಮಾತೂ ಬಿಡಬ್ಯಾಡ್ರಿ. ಕೆಳಗ ಸಹಿ ಹಾಕ್ರಿ.’

‘ಏನ್ ಹುಚ್ಚು ಹಿಡದೈತೇನ?’

‘ಒದರಾಕ ಬರತೈತಿ, ಬರಿಯಾಕ ಬರೂದಿಲ್ಲೇನ್ರಿ?’

ಸಂಗ್ರಾಮ ಕಟ್ಟೆಯ ಕಡೆ ತಿರುಗಿದ. ‘ಸುಗಂಧಾಬಾಯಿ, ಹೇಳ್ರಿ ಈಕಿಗೆ.’

ಸುಗಂಧಾ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ‘ಬರೀರಿ ಸರ್. ಸಾಕ್ಷಿ ಅಂತ ನಾ ಸಹಿ ಹಾಕ್ತೀನಿ.’

ಕಟ್ಟೆಯ ಮೇಲೆ ಯಾರೋ ಕಿಸಕ್ಕನೆ ನಕ್ಕರು. ಪೆನ್ನು ಮೊರದ ಮೇಲೆಯೇ ಉಳಿಯಿತು. ಸಂಗ್ರಾಮ ಬೈಕಿಗೆ ಒದ್ದ, ಅದು ಸುರುವಾಗಲಿಲ್ಲ. ತಳ್ಳಿಕೊಂಡೇ ಓಣಿ ದಾಟಿದ.

ಇಲ್ಲಿಗೆ ಮುಗಿದಿದ್ದರೆ ನನಗೂ ಸಿಟ್ಟು ಇಳಿಯುತ್ತಿತ್ತು. ಒಳಗೆ ವರನ ತಂದೆ ಅರ್ಧ ತಿಂದ ತಾಟು ಸರಿಸಿ ಎದ್ದು ನಿಂತಿದ್ದ. ಬೈದವನು ಆತನಿಗೆ ಕಾಣಿಸಲಿಲ್ಲ. ಬೈಸಿಕೊಂಡ ಮನೆ ಮಾತ್ರ ಕಂಡಿತು.

‘ವಿಚಾರ ಮಾಡಿ ಹೇಳಿ ಕಳಸ್ತೀವ್ರಿ’ ಎಂದು ಚಪ್ಪಲಿ ಹುಡುಕಿದ. ಮಗ ನೆಲ ನೋಡುತ್ತ ಹಿಂದೆ ಹೊರಟ.

ನೀಲಮ ಬಾಗಿಲಿಗೆ ಬಂದಳು. ‘ಹೇಳಿ ಕಳಸಬ್ಯಾಡ್ರಿ ಮಾಮಾರ. ಬರದ ಕಳಸ್ರಿ. ಯಾಕ ಬ್ಯಾಡ ಅನ್ನೂದೂ ಬರೀರಿ.’

ಆಮೇಲೆ ಕಂಪನಿಯಿಂದ ಕಾಗದ ಬಂತು. ಅರ್ಧ ಕಂತು ಕೆಲವು ತಿಂಗಳು ನಡೆಯುತ್ತದೆ, ಮನೆಗೆ ಯಾರೂ ಬರುವುದಿಲ್ಲ, ದಂಡದ ಲೆಕ್ಕ ಜೊತೆಗಿದೆ ಎಂದಿತ್ತು. ಕಾಗವಾಡದಿಂದ ಒಂದು ಗೆರೆಯೂ ಬಂದಿಲ್ಲ. ಸಕ್ಕುಬಾಯಿ ಅದಕ್ಕಾಗಿ ದಾರಿ ಕಾಯುತ್ತಲೂ ಇಲ್ಲ. ದಂಡದ ಲೆಕ್ಕ ತಪ್ಪಿದೆಯಂತೆ. ತಾಯಿ ಮಗಳು ಮೊರ ಬೋರಲು ಹಾಕಿಕೊಂಡು ಎರಡನೆಯ ಕಾಗದ ಬರೆಯಲು ಕೂತಿದ್ದಾರೆ.