ಮೂರು ಲೋಟ, ಒಂದು ಸದ್ದು

ಅಂಕಲ್ ಅವರ ಕೆಳದುಟಿ ಎಡಗಡೆಗೆ ತುಸು ಜೋತುಬಿದ್ದಿತ್ತು. ಮೂವತ್ತೈದು ವರ್ಷ ಅದೇ ಬದಿಯಿಂದ ಕಾಫಿ ಉಗುಳಿದ್ದರ ಫಲ ಎಂದು ಅವರೇ ಹೇಳಿದ್ದರು. ಹಾಗೆಂದು ನನ್ನ ನೆನಪು. ಅವರ ಹೆಂಡತಿ, ಆಂಟಿ, ಒಪ್ಪುವುದಿಲ್ಲ. "ಬಲಗಡೆ ಕಣಪ್ಪ. ಆ ಮುಖ ದಿನಾ ನೋಡಿದೋಳು ನಾನು," ಎನ್ನುತ್ತಾರೆ. ನನ್ನ ಫೋನಿನಲ್ಲಿರುವ ಎರಡು ಫೋಟೋಗಳಲ್ಲೂ ಅವರು ಬಾಯಿಗೆ ಲೋಟ ಹಿಡಿದಿದ್ದಾರೆ. ತುಟಿ ಕಾಣುವುದಿಲ್ಲ.

ಅಮೆರಿಕದ ಈಸ್ಟ್ ಬ್ರನ್ಸ್‌ವಿಕ್‌ನ ಅಪಾರ್ಟ್‌ಮೆಂಟಿನಲ್ಲಿ ಅಂಕಲ್‌ದು ನನ್ನ ಎದುರು ಬಾಗಿಲು. ಹುಣಸೂರಿನಲ್ಲಿ ಕಾಫಿ ಬೀಜ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಕಾಫಿಯ ರುಚಿ ನೋಡಿ ದರ್ಜೆ ಹೇಳುವ ಕೆಲಸದಲ್ಲಿದ್ದು, ನಿವೃತ್ತರಾದ ಮೇಲೆ ಮಗಳಿಗೆ ಹತ್ತಿರವಾಗಲೆಂದು ಹೆಂಡತಿಯೊಡನೆ ಇಲ್ಲಿಗೆ ಬಂದಿದ್ದರು. ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಅದಕ್ಕೇ ಅವರ ಬಾಯಲ್ಲಿ ನಾನು 'ಪ್ರೊಫೆಸರ್ರು'. ಮನೆಯಲ್ಲಿ ಅವರು ಕುಡಿಯುತ್ತಿದ್ದುದು ಟೀ. ಯಾಕೆಂದು ಕೇಳಿದರೆ, "ಕಾಫಿ ಡ್ಯೂಟಿ. ಡ್ಯೂಟಿನ ಯಾರಾದ್ರೂ ನುಂಗ್ತಾರಾ?" ಎನ್ನುತ್ತಿದ್ದರು.

ಒಮ್ಮೆ ಕಾರಿನಲ್ಲಿ ಅವರಿಗೆ ನನ್ನ ಡಬ್ಬಿ ಕಾಫಿ ಕೊಟ್ಟೆ, ಮುಚ್ಚಳ ತೆಗೆದು ಹಾಗೇ ಕುಡಿಯುವಂಥದ್ದು. ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಉಗುಳಲು ಜಾಗ ಹುಡುಕಿ, ಕೊನೆಗೆ ಕಿಟಕಿ ಇಳಿಸಿದರು. ಆಮೇಲೆ ಕೇಳಿದರು: "ಇದರಲ್ಲಿ ಕಾಫಿ ಯಾವಾಗ ಬರುತ್ತೆ?"

ಅಷ್ಟು ಬೈದವರು ಮುಂದಿನ ಭಾನುವಾರ ಇನ್ನೊಂದು ತರಹದ ಡಬ್ಬಿ ತರಲು ಹೇಳಿದರು. ಅದೇ ರೂಢಿಯಾಯಿತು. ರೂಟ್ ಹದಿನೆಂಟು ಹೆದ್ದಾರಿಯ ಅಂಗಡಿಗಳಿಂದ ನಾನು ಡಬ್ಬಿಗಳನ್ನು ತರುತ್ತಿದ್ದೆ. ಅವರ ಅಡುಗೆಮನೆಯ ಮೇಜಿಗೆ ಇಬ್ಬರೂ ಎದುರುಬದುರು ಕೂರುತ್ತಿದ್ದೆವು. ಮೊದಲು ಅವರು ಡಬ್ಬಿಯ ಮುಖವನ್ನು ಗೋಡೆಗೆ ತಿರುಗಿಸುತ್ತಿದ್ದರು. ಚಮಚದಿಂದ ಕಾಫಿಯನ್ನು ಬಟ್ಟೆ ಹರಿದಂಥ ಸದ್ದಿನೊಂದಿಗೆ ಒಳಗೆಳೆದು, ಕಣ್ಣು ಮುಚ್ಚಿ, ಖಾಲಿ ಮೊಸರಿನ ಡಬ್ಬಕ್ಕೆ ಉಗುಳುತ್ತಿದ್ದರು. ಅವರನ್ನು ನೋಡಿ ನೋಡಿ ನಾನೂ ಕಲಿತೆ. ಆದರೆ ನಾನು ಅಂಗಡಿಯಲ್ಲೇ ಡಬ್ಬಿಯ ಬರಹ ಓದಿಕೊಂಡು ಬಂದಿರುತ್ತಿದ್ದೆ. ಚಾಕೊಲೇಟಿನ ರುಚಿಯಿದೆ ಎಂದು ಅದರಲ್ಲಿ ಬರೆದಿದ್ದರೆ ನನ್ನ ನಾಲಿಗೆಗೂ ಚಾಕೊಲೇಟು ಸಿಗುತ್ತಿತ್ತು.

"ಓದಿದ್ದನ್ನ ವಾಪಸ್ ಒಪ್ಪಿಸ್ತಿದೀರಿ ಪ್ರೊಫೆಸರ್ರೇ. ಪರೀಕ್ಷೆ ಪಾಸು, ಕಾಫಿ ಫೇಲು."

ಕಳೆದ ವರ್ಷ ಚಳಿಗಾಲದಲ್ಲಿ ಹಿಲ್ಸ್‌ಬರೋದಲ್ಲಿರುವ ಧಾರವಾಡದ ಗಂಡ ಹೆಂಡತಿ ಫಿಲ್ಟರ್ ಕಾಫಿಯನ್ನು ಡಬ್ಬಿಯಲ್ಲಿ ತುಂಬಿ ಮಾರಲು ಹೊರಟಿದ್ದರು. ಎರಡು ಮಿಶ್ರಣಗಳಲ್ಲಿ ಯಾವುದೆಂದು ತೀರ್ಮಾನವಾಗದೆ ಎರಡರ ಮಾದರಿಯನ್ನೂ ಹಿಡಿದು ಅಂಕಲ್ ಬಳಿ ಬಂದರು. ನೀವು ಹೇಳಿದ್ದನ್ನೇ ಮಾಡುತ್ತೇವೆ ಎಂದರು. ಆ ದಂಪತಿ ಬರುವ ದಿನಗಳಲ್ಲಿ ಅಂಕಲ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಳ್ಳುತ್ತಿದ್ದರು.

ಅದಕ್ಕೆ ಸ್ವಲ್ಪ ಮೊದಲು ಅವರು ಒಂದು ಕೆಟ್ಟ ಜ್ವರದಿಂದ ಎದ್ದಿದ್ದರು. ಒಂದು ಬೆಳಿಗ್ಗೆ ನಾನು ಹೋದಾಗ ಸ್ಟೌವ್ ಮೇಲೆ ಹಾಲು ಸೀಯುತ್ತಿತ್ತು, ಅಂಕಲ್ ಪಕ್ಕದಲ್ಲೇ ಪೇಪರ್ ಓದುತ್ತಿದ್ದರು. ನನಗೆ ಅನುಮಾನ ಬಂತು. ಮೂಗು ಹೋಗಿದ್ದರೆ ರುಚಿಯೂ ಹೋದಂತೆಯೇ. ಅವರ ಒಂದು ಮಾತಿನ ಮೇಲೆ ಬೇರೆಯವರ ಕೆಲಸ ನಿಂತಿತ್ತು, ಅವರ ಜೀವಮಾನದ ಹೆಸರೂ ನಿಂತಿತ್ತು. ನೇರವಾಗಿ ಕೇಳುವ ಧೈರ್ಯವಿಲ್ಲದೆ ಒಂದು ಪರೀಕ್ಷೆ ಹೂಡಿದೆ. ಮೂರು ಲೋಟ: ಎರಡರಲ್ಲಿ ಒಂದು ಮಿಶ್ರಣದ ಕಾಫಿ, ಮೂರನೆಯದರಲ್ಲಿ ಇನ್ನೊಂದರದು. ಬೇರೆಯಾದದ್ದು ಯಾವುದೆಂದು ಅವರು ಹೇಳಬೇಕು.

"ಈ ವಯಸ್ಸಲ್ಲಿ ಎಕ್ಸಾಮಾ? ನಡೀಲಿ," ಎಂದು ನಗುತ್ತಾ ಕಿಟಕಿಯತ್ತ ತಿರುಗಿ ಕುಳಿತರು.

ನಾನು ಮೂರಕ್ಕೂ ಒಂದೇ ಕಾಫಿ ಸುರಿದೆ. ಬೇಕೆಂದೇ ಹಾಗೆ ಮಾಡಿದೆನೋ, ಗಡಿಬಿಡಿಯಲ್ಲಿ ಆಗಿಹೋಯಿತೋ, ಈಗ ಆಣೆ ಮಾಡಿ ಹೇಳಲಾರೆ.

ಅವರು ಮೂರನ್ನೂ ಎರಡೆರಡು ಸಲ ರುಚಿ ನೋಡಿ, ಚಮಚ ಕೆಳಗಿಟ್ಟು, "ಮೂರೂ ಒಂದೇ," ಎಂದರು.

ನನಗೆ ಎಷ್ಟು ಹಗುರವೆನಿಸಿತೆಂದರೆ ಎದ್ದೇ ನಿಂತೆ. ಅವರು ಕೂರಲು ಸನ್ನೆ ಮಾಡಿದರು. "ಬಾಯಿ ಹೇಳಿದ್ದಲ್ಲ ಇದು. ಡಬ್ಬಿ ತೆಗೆದ ಸದ್ದು ಒಂದೇ ಸಲ ಬಂತು." ಲೋಟಗಳನ್ನು ಪಕ್ಕಕ್ಕೆ ಸರಿಸಿ ಮುಂದುವರಿಸಿದರು: "ಮೂಗು ಹೋಗಿ ಎರಡು ತಿಂಗಳಾಯ್ತು. ಆಂಟಿಗೆ ಹೇಳ್ಬೇಡಿ. ಡಾಕ್ಟರ್ ಮಾತು ಕೇಳಿ ಉಪ್ಪು ಕಮ್ಮಿ ಮಾಡಿದಾಳೆ, ಗೊತ್ತಾದ್ರೆ ಹಾಕೋದೇ ಬಿಟ್ಟುಬಿಡ್ತಾಳೆ."

"ಯಾವುದಾದರೂ ಒಂದು ಹೇಳಿಬಿಡಿ ಅಂಕಲ್. ಯಾರಿಗೆ ಗೊತ್ತಾಗುತ್ತೆ?" ಎಂದವನು ನಾನೇ.

"ಬಾಯಿಗೆ ಬರದೇ ಇದ್ದದ್ದಕ್ಕೆ ಒಂದಿನಾನೂ ಸೈನ್ ಹಾಕಿಲ್ಲ ನಾನು. ನೀವು ರುಚಿ ನೋಡಿ. ನಾನು ಕೇಳ್ತೀನಿ."

ಒಂದು ಗಂಟೆ ಕೇಳಿದರು. ಕಹಿ ಮುಂದಿದೆಯೋ ಹಿಂದಿದೆಯೋ, ಉಗುಳಿದ ಮೇಲೆ ಏನು ಉಳಿಯಿತು, ಅದು ಎಷ್ಟು ಹೊತ್ತು ನಿಂತಿತು. ನಾನು ಪದೇ ಪದೇ ಖಚಿತವಿಲ್ಲ ಎನ್ನುತ್ತಿದ್ದೆ. "ಖಾತ್ರಿ ಯಾರು ಕೇಳಿದ್ರು? ಬಾಯಲ್ಲಿ ಏನಿದೆ ಅದನ್ನ ಹೇಳಿ." ನಾನು ಡಬ್ಬಿಯ ಬರಹವಿಲ್ಲದೆ ಏನನ್ನಾದರೂ ರುಚಿ ನೋಡಿದ್ದು ಅದೇ ಮೊದಲು.

ಹಿಲ್ಸ್‌ಬರೋದವರು ಬಂದ ದಿನ ಅಂಕಲ್ ಅದೇ ಇಸ್ತ್ರಿ ಅಂಗಿಯಲ್ಲಿ ಕುಳಿತು ಹೇಳಿದರು: "ಎರಡನೇದು ಮಾಡಿ. ಆದರೆ ಆರಿಸಿದ್ದು ಈ ಪ್ರೊಫೆಸರ್ರ ನಾಲಿಗೆ. ನನ್ನದು ರಿಟೈರ್ ಆಯ್ತು."

ಆ ಹೆಂಗಸು ಗಂಡನ ಮುಖ ನೋಡಿದರು. "ಹಂಗಂದ್ರ ನಾವು ಯಾರನ್ನ ನಂಬೂದ್ರೀ ಅಂಕಲ್?"

"ಅವರನ್ನೇ ನಂಬಿ. ಕೇಳಿದ್ದು ನಾನು."

ಅವರು ನಂಬಿದರು. ಆ ಡಬ್ಬಿ ಈಗ ನಮ್ಮ ಇಂಡಿಯನ್ ಅಂಗಡಿಯಲ್ಲಿದೆ.

ಈ ಏಪ್ರಿಲ್‌ನಲ್ಲಿ ಅಂಕಲ್ ತೀರಿಕೊಂಡರು. ನಲವತ್ತನೇ ದಿನದ ಪ್ರಾರ್ಥನೆ ಮುಗಿದ ಮೇಲೆ ಆಂಟಿಗೆ ಮೂಗಿನ ವಿಷಯವನ್ನೂ ಹಾಲು ಸೀದದ್ದನ್ನೂ ಹೇಳಿದೆ. ಅವರು ಅಳುತ್ತಿದ್ದವರು ನಕ್ಕುಬಿಟ್ಟರು.

"ಹಾಲು ಸೀದಿದ್ದು ಗೊತ್ತಾಗ್ಲಿಲ್ವಾ? ಎಲ್ಲಾ ಗೊತ್ತಾಗ್ತಿತ್ತು. ಸ್ಟೌವ್ ಆಫ್ ಮಾಡೋಕೆ ಅವರು ಎದ್ದಿದ್ದ ದಿನ ಒಂದು ಹೇಳು ನೋಡೋಣ."

ಡಬ್ಬಿ ತೆಗೆದ ಸದ್ದಿನ ಮಾತು ಹೇಳಿದೆ. "ಯಾವ ಡಬ್ಬಿ? ಹಿಲ್ಸ್‌ಬರೋದವರು ಆಗ ತಂದುಕೊಟ್ಟಿದ್ದು ಬಾಟಲಿಯಲ್ಲಿ," ಎಂದು ಆಂಟಿ ಕಪಾಟು ತೆರೆದರು. ತಿರುಪಿನ ಮುಚ್ಚಳದ ಆ ಎರಡು ಗಾಜಿನ ಬಾಟಲಿಗಳಲ್ಲಿ ಈಗ ಮೆಂತ್ಯ, ಸಾಸಿವೆ.

ತಿರುಪಿನ ಮುಚ್ಚಳವೂ ಸದ್ದು ಮಾಡುತ್ತದೆಯೇ? ಮಾಡಬಹುದು. ಇಲ್ಲವಾದರೆ ಅವರು ರುಚಿಯಿಂದಲೇ ಹೇಳಿದರು ಎಂದಾಯಿತು. ಹಾಗಿದ್ದರೆ ನಾಲಿಗೆ ರಿಟೈರ್ ಆಯಿತೆಂದು ಹಿಲ್ಸ್‌ಬರೋದವರ ಮುಂದೆ ಹೆಸರು ಕಳೆದುಕೊಂಡದ್ದೇಕೆ? ನನ್ನ ಬಾಯಿ ತೆರೆಸುವುದಕ್ಕೋ? ಗಂಡನ ನಾಲಿಗೆ ಕೊನೆಯವರೆಗೂ ಸರಿಯಿತ್ತು ಎಂದು ಆಂಟಿ ನಂಬಬಯಸುವುದೂ ಸಹಜ. ತರಗತಿಯಲ್ಲಿ ಪುರಾವೆಯ ಬಗ್ಗೆ ಪಾಠ ಮಾಡುವವನು ನಾನು. ಇಲ್ಲಿರುವ ಪುರಾವೆ ಇಬ್ಬರ ನೆನಪು ಮಾತ್ರ, ಅದರಲ್ಲಿ ಒಂದು ನನ್ನದು.

ಹೋದ ವಾರ ಹಿಲ್ಸ್‌ಬರೋದವರು ಹೊಸದೊಂದು ಡಬ್ಬಿ ಕಳಿಸಿ ನನ್ನ ಅಭಿಪ್ರಾಯ ಕೇಳಿದರು. ಅದನ್ನು ಆಂಟಿಯ ಅಡುಗೆಮನೆಗೇ ಒಯ್ದೆ. ಓದದೆ ಗೋಡೆಗೆ ತಿರುಗಿಸಿಟ್ಟೆ. ಚಮಚದಲ್ಲಿ ಎಳೆದು, ಕಣ್ಣು ಮುಚ್ಚಿ, ಮೊಸರಿನ ಡಬ್ಬಕ್ಕೆ ಉಗುಳಿದೆ. ಆಂಟಿ ಟೀ ಲೋಟ ಹಿಡಿದು ನನ್ನನ್ನೇ ನೋಡುತ್ತಿದ್ದರು.

"ನೋಡು," ಎಂದರು. "ಬಲಗಡೆ."

ಕೈಯಿಂದ ಬಾಯಿ ಒರೆಸಿಕೊಂಡೆ. ಒದ್ದೆಯಾಗಿದ್ದುದು ತುಟಿಯ ಬಲಮೂಲೆ.