ಉಪ್ಪು ಸವೆಸಿದ ಬೆರಳು, ಒಪ್ಪದ ಯಂತ್ರ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಟೆಯೆಕೊಪೆ ಊರಿನ ಶಾಲೆಯ ಅಂಗಳದಲ್ಲಿ ಮಾಮ್ಲೆ ಕಬುತೆ ಅಲುಗಾಡುವ ಮೇಜಿನ ಕಾಲಿಗೆ ರಟ್ಟು ಮಡಚಿ ಇಡುತ್ತಿದ್ದಾರೆ. ಮೇಜಿನ ಮೇಲಿರುವುದು ಮತದಾರರ ಗುರುತು ಹಿಡಿಯುವ ಯಂತ್ರ. ಮಾಮ್ಲೆ ತಮ್ಮ ಹೆಬ್ಬೆರಳನ್ನು ಅದರ ಗಾಜಿಗೆ ಒತ್ತುತ್ತಾರೆ. ಹಸಿರು ದೀಪ ಹತ್ತುತ್ತದೆ.

"ನಂದನ್ನ ತಗೊಳ್ಳುತ್ತೆ ಬಿಡಿ, ನಾನು ನೆರಳಲ್ಲಿ ಕೂತು ಉಣ್ಣೋಳು. ಮೈಮುರಿದು ದುಡಿಯೋರು ಬರಲಿ, ಆಗ ಗೊತ್ತಾಗುತ್ತೆ ಇದರ ಯೋಗ್ಯತೆ," ಎಂದು ಗೊಣಗುತ್ತಾರೆ.

ದುಡಿಯುವವರು ಆಗಲೇ ಸಾಲುಗಟ್ಟಿದ್ದಾರೆ. ಜೋಳದ ಅಂಬಲಿ ಹೀರುತ್ತ ನಿಂತಿರುವ ಈ ಹೆಂಗಸರೆಲ್ಲ ಸಾಂಗೋರ್ ಹಿನ್ನೀರಿನಲ್ಲಿ ಮೊಣಕಾಲಾಳಕ್ಕೆ ಇಳಿದು ಉಪ್ಪು ಬಾಚುವವರು. ವರ್ಷಗಟ್ಟಲೆ ಬಾಚಿ ಅವರ ಬೆರಳ ಗೆರೆಗಳೇ ಅಳಿಸಿಹೋಗಿವೆ.

ಮಾಮ್ಲೆಯವರದು ಲಾರಿ ನಿಲ್ದಾಣದ ಪಕ್ಕದಲ್ಲಿ ಮೊಬೈಲ್ ರಿಪೇರಿಯ ಗೂಡಂಗಡಿ. ಯಂತ್ರಕ್ಕೆ ಹೆದರದ ಹೆಣ್ಣೆಂದು ಚುನಾವಣೆ ಬಂದಾಗಲೆಲ್ಲ ಮತಗಟ್ಟೆಯ ಯಂತ್ರ ನಡೆಸಲು ಅವರನ್ನೇ ಕರೆಯುತ್ತಾರೆ. ಕಳೆದ ಸಲ ಆದದ್ದನ್ನು ಊರು ಇನ್ನೂ ಮರೆತಿಲ್ಲ. ಬೆರಳು ಹೊಂದದವರಿಗೆ ಮತವಿಲ್ಲ ಎಂಬ ನಿಯಮವಿತ್ತು. ಉಪ್ಪಿನ ಹೆಂಗಸರು ಒಬ್ಬೊಬ್ಬರಾಗಿ ಬಂದರು, ಕೆಂಪು ದೀಪ ಕಂಡು ಹಿಂದಿರುಗಿದರು. ಹಾಗೆ ಹಿಂದಿರುಗಿದವರಲ್ಲಿ ಮಾಮ್ಲೆಯ ತಾಯಿ ಡೆಡೆಯೂ ಒಬ್ಬರು.

"ಹೆತ್ತೋಳ ಗುರುತೇ ಸಿಗಲಿಲ್ಲ ಅಂದ ಮಗಳು" ಎಂಬ ಮಾತು ಊರೆಲ್ಲ ಸುತ್ತಿತು. ಹೆಂಗಸರು ಮಾಮ್ಲೆಯ ಗೂಡಂಗಡಿ ಬಿಟ್ಟು ಫೋನ್ ಚಾರ್ಜ್ ಮಾಡಿಸಲು ಪಕ್ಕದೂರಿಗೆ ನಡೆದರು. ತಾಯಿಯಂತೂ ಮಗಳು ಮನೆಗೆ ಬಂದಾಗಲೆಲ್ಲ ಬಾಗಿಲಲ್ಲೇ ನಿಂತು ಕೇಳುತ್ತಿದ್ದರು: "ನಾನು ಡೆಡೆ ಅಂತ, ನಿಮ್ಮ ತಾಯಿ. ನಂಬಿಕೆ ಇಲ್ಲ ಅಂದ್ರೆ ಯಂತ್ರ ತಂದಿದ್ದೀರಾ?"

ತರಬೇತಿಗೆ ಹೋದಲ್ಲೆಲ್ಲ ಮಾಮ್ಲೆ ಈ ಪ್ರಶ್ನೆ ಎತ್ತಿದರು. ಹೆಂಗಸರ ಕೈಗೆ ಎಣ್ಣೆ ಸವರಿಸಿ ಎಂದರು ತರಬೇತಿಯವರು. ಸವರಿಸಿದ್ದಕ್ಕೆ ಗಾಜು ಜಿಡ್ಡಾಗಿ ನುಣುಪು ಕೈಯ ಗುಮಾಸ್ತರ ಬೆರಳೂ ಹೊಂದದಾಯಿತು. ಈ ಸಲ ಮುಖವನ್ನೂ ನೋಡುವ ಹೊಸ ಯಂತ್ರ ಬಂದಿದೆ. ಜಿಲ್ಲಾ ಸಭೆಗೆ ಚುನಾವಣೆ. ಹಿನ್ನೀರನ್ನು ಕಂಪನಿಗೆ ಗುತ್ತಿಗೆ ಕೊಡಬೇಕೋ, ಬಾಚುವವರಿಗೇ ಬಿಡಬೇಕೋ ಎಂಬುದು ಗೆದ್ದವರ ಕೈಯಲ್ಲಿದೆ.

ಮತದಾನ ಶುರುವಾಗುತ್ತದೆ. ಮೊದಲ ಉಪ್ಪಿನವಳ ಬೆರಳಿಗೆ ಕೆಂಪು, ಮುಖಕ್ಕೂ ಕೆಂಪು. ಎರಡನೆಯವಳಿಗೂ ಹಾಗೆಯೇ. ಹುಟ್ಟುವ ಸೂರ್ಯ ಸಾಲಿನ ಬೆನ್ನಿಗಿದ್ದು, ಬಂದವರ ಮುಖವೆಲ್ಲ ಯಂತ್ರಕ್ಕೆ ಕಪ್ಪು ಮಸಿಯಾಗಿ ಕಾಣುತ್ತಿದೆ. ಮಾಮ್ಲೆ ಸಹಾಯವಾಣಿಗೆ ಫೋನ್ ಹಚ್ಚುತ್ತಾರೆ.

"ಅಮ್ಮಾ, ಒಂದ್ಸಲ ಆಫ್ ಮಾಡಿ ಆನ್ ಮಾಡಿ."

"ಸೂರ್ಯನ್ನ ಎಲ್ಲಿ ಆಫ್ ಮಾಡ್ಲಿ, ಸ್ವಾಮಿ?"

ಮತಗಟ್ಟೆಯ ಅಧಿಕಾರಿಯ ಹೆಸರು ಆಡು, ನಗರದಿಂದ ಬಂದ ಯುವಕ. ಮೇಜು ತಿರುಗಿಸೋಣವೆಂದು ಮಾಮ್ಲೆ ಅಂದರೆ, ಮತಗಟ್ಟೆಯಲ್ಲಿ ಯಾವುದು ಎಲ್ಲಿರಬೇಕೆಂಬ ನಕ್ಷೆ ಬಿಚ್ಚುತ್ತಾನೆ. "ಇಲ್ಲಿ ಹೀಗೇ ಇದೆ, ಮೇಡಂ. ನಾನು ಬದಲಾಯಿಸಿದ್ರೆ ಮೋಸ ಅಂತಾರೆ."

"ನಕ್ಷೆ ಬರೆದೋರು ಸೂರ್ಯ ಮುಳುಗಿದ ಮೇಲೆ ಬರೆದಿರ್ಬೇಕು."

ತಿರಸ್ಕೃತರಾದ ಇಬ್ಬರೂ ಬುಟ್ಟಿ ಎತ್ತಿಕೊಂಡು ಹಿನ್ನೀರಿನ ಕಡೆ ಹೊರಟೇಬಿಡುತ್ತಾರೆ. ಅವರ ಹಿಂದೆ ಸಾಲಿನಲ್ಲಿದ್ದ ಡೆಡೆ ಮಾತ್ರ ಮೇಜಿನ ಮುಂದೆ ನೆಲಕ್ಕೇ ಕೂರುತ್ತಾರೆ. "ಹೋದ್ಸಲ ಎದ್ದು ಹೋದೆ. ಈ ಸಲ ನನ್ನ ಎತ್ತಿ ಹಾಕಿ."

ಮಾಮ್ಲೆಗೆ ತಾಳ್ಮೆ ತಪ್ಪುತ್ತದೆ. ಇಬ್ಬರು ಅಭ್ಯರ್ಥಿಗಳ ಏಜೆಂಟರನ್ನೂ ಕರೆಯುತ್ತಾರೆ. "ನೀನು ಆ ತುದಿ ಹಿಡಿ, ನೀನು ಈ ತುದಿ. ಇಬ್ರೂ ಹೊತ್ತ ಮೇಲೆ ಮೋಸ ಯಾರು ಅಂತಾರೆ?" ಬೆಳಗಿನಿಂದ ಪರಸ್ಪರ ಮುಖ ನೋಡದ ಇಬ್ಬರೂ ಆಡುವಿನತ್ತ ನೋಡುತ್ತಾರೆ. ಆಡು ಬೆವರು ಒರೆಸಿಕೊಂಡು ತಲೆಯಾಡಿಸುತ್ತಾನೆ. ಮೇಜು ತಿರುಗುತ್ತದೆ, ಬಿಸಿಲು ಈಗ ಬಂದವರ ಮುಖಕ್ಕೆ ಬೀಳುತ್ತದೆ.

ಡೆಡೆ ಎದ್ದು ಯಂತ್ರದ ಎದುರು ಹುಬ್ಬು ಗಂಟಿಕ್ಕಿ ನಿಲ್ಲುತ್ತಾರೆ.

"ಸ್ವಲ್ಪ ಸಿಡುಕು ಬಿಡಮ್ಮ, ಗುರುತು ಸಿಗಲ್ಲ," ಎನ್ನುತ್ತಾನೆ ಒಬ್ಬ ಏಜೆಂಟ.

"ಬೇಡ," ಎಂದು ಮಾಮ್ಲೆ ತಡೆಯುತ್ತಾರೆ. "ನೋಂದಣಿ ಫೋಟೋದಲ್ಲೂ ಅವಳು ಹಿಂಗೇ ಇದ್ದಾಳೆ."

ಹಸಿರು ದೀಪ ಹತ್ತುತ್ತದೆ.

ಬಿಟ್ಟು ಹೋದ ಇಬ್ಬರಿಗೂ ಮಾಮ್ಲೆ ಹೇಳಿಕಳುಹಿಸುತ್ತಾರೆ. ಒಬ್ಬಳು ಬರುತ್ತಾಳೆ, ಇನ್ನೊಬ್ಬಳು ಬರುವುದಿಲ್ಲ. ಬಾರದ ಆ ಒಬ್ಬಳ ವಿಷಯ ಬಂದರೆ ಮಾಮ್ಲೆಗೆ ಈಗಲೂ ಮೈ ಉರಿಯುತ್ತದೆ. "ಯಂತ್ರಾನ ರಾಜಧಾನೀಲಿ ಪರೀಕ್ಷೆ ಮಾಡ್ತಾರೆ, ನುಣುಪು ಕೈಗಳ ಮೇಲೆ. ಮುಂದಿನ ಸಲ ಮೊದ್ಲು ಇಲ್ಲಿಗೆ ತರಲಿ. ನಾನು ಕೇಳೋದು ಅಷ್ಟೇ."

ವಾರ ಕಳೆದಿದೆ. ಗುತ್ತಿಗೆ ಬೇಡವೆಂದವರು ಅಲ್ಪ ಅಂತರದಲ್ಲಿ ಗೆದ್ದಿದ್ದಾರೆ. ಗೂಡಂಗಡಿಯಲ್ಲಿ ಮತ್ತೆ ಚಾರ್ಜಿಗೆ ಹಾಕಿದ ಫೋನುಗಳು ತೂಗಾಡುತ್ತಿವೆ. ಮತ ಯಾರಿಗೆ ಹಾಕಿದೆ ಎಂದು ತಾಯಿಯನ್ನು ಕೇಳಿದಿರಾ ಎಂದರೆ ಮಾಮ್ಲೆ ಹಣೆ ಚಚ್ಚಿಕೊಳ್ಳುತ್ತಾರೆ.

"ಕೇಳ್ದೆ. 'ನಿನಗ್ಯಾಕೆ ಹೇಳ್ಬೇಕು' ಅಂತ ಬೈದ್ಲು." ಬಿಚ್ಚಿಟ್ಟ ಫೋನಿನ ಮೇಲೆ ಮತ್ತೆ ಬಾಗುತ್ತಾರೆ. "ಬೈಯಲಿ. ಗುಟ್ಟು ಮಾಡೋಕೆ ಅವಳ ಹತ್ರ ಈಗ ಒಂದು ಮತ ಇದೆಯಲ್ಲ."