ಚಂಪಾಳ ಗಡಿಯಾರ

ನಾನು ಉಣ್ಣಲು ಕೂರುವ ಜಾಗದ ಎದುರಿಗೆ, ಗೂಟಕ್ಕೆ, ಗಡಿಯಾರವೊಂದು ತಲೆಕೆಳಗಾಗಿ ತೂಗುತ್ತದೆ. ದಾದಿಯರು ಎದೆಯ ಮೇಲೆ ಸಿಕ್ಕಿಸಿಕೊಳ್ಳುವ ಜಾತಿಯದು. ತೊಟ್ಟವಳು ಬಗ್ಗಿ ನೋಡಿದರೆ ಮಾತ್ರ ನೆಟ್ಟಗೆ ಕಾಣುತ್ತದೆ. ನಾವು ಜೈನರು, ಕತ್ತಲಲ್ಲಿ ಕಾಣದ ಹುಳುವೊಂದು ಅನ್ನದೊಡನೆ ಸತ್ತೀತೆಂದು ಹೊತ್ತು ಮುಳುಗುವ ಮೊದಲೇ ಉಣ್ಣುವವರು. ಮೋಡದ ದಿನ ಸೂರ್ಯನನ್ನು ನಂಬದೆ, ನಾಲ್ಕು ಗಂಟೆಯಿಂದಲೇ ಕತ್ತು ತಿರುಚಿ ಇದನ್ನು ನೋಡುವ ನನ್ನಂಥ ಪುಕ್ಕಲ ಮಮದಾಪುರದಲ್ಲಿ ಇನ್ನೊಬ್ಬನಿಲ್ಲವೆಂದು ಹೆಂಡತಿಯ ಅಂಬೋಣ. ನನ್ನ ತಕರಾರೇನೂ ಇಲ್ಲ, ಸ್ನೇಹಿತರೇ.

ಗಡಿಯಾರ ನನ್ನ ತಂಗಿ ಚಂಪಾಳದು. ಯುದ್ಧದ ಕಾಲದಲ್ಲಿ ಅವಳು ಪುಣೆಯ ಕಡೆಯ ಮಿಲಿಟರಿ ದವಾಖಾನೆಯಲ್ಲಿ ದಾದಿಯಾಗಿದ್ದಳು. ಹೊರಟಾಗ ಅವ್ವ ತಡೆಯಲಿಲ್ಲ. ಸಂಜೆಯೂಟದ ನೇಮ ಬಿಡಬಾರದೆಂದು ಮಾತ್ರ ಮಾತು ತೆಗೆದುಕೊಂಡಳು. ಪ್ರತಿ ಕಾಗದದಲ್ಲೂ ಅದನ್ನು ನೆನಪಿಸುವ ಕೆಲಸ ನನ್ನದಾಯಿತು. ಚಿಂತೆಯೇ ಕಸುಬಾದವನಿಗೆ ಅದಕ್ಕಿಂತ ಒಳ್ಳೆಯ ನೌಕರಿ ಎಲ್ಲಿ ಸಿಕ್ಕೀತು?

ಒಮ್ಮೆ ಶೇಂಗಾ ಉಂಡಿಯ ಡಬ್ಬಿ ಹಿಡಿದು ಅವಳನ್ನು ನೋಡಲು ಹೋದೆ. ತಗಡು ಹೊದಿಸಿದ ಉದ್ದನೆಯ ವಾರ್ಡು, ಎರಡು ಸಾಲು ಮಂಚ. ಕೈ ಕಳೆದುಕೊಂಡ ಸಿಪಾಯಿಗಳಿಗೆ ಅವಳು ಒಬ್ಬೊಬ್ಬರಾಗಿ ಉಣಿಸುತ್ತ ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಕಿಟಕಿಯಾಚೆ ಬೆಳಕು ಹೋಗಿತ್ತು. ಅವಳ ತಟ್ಟೆ ಮುಚ್ಚಿದ್ದು ಮುಚ್ಚಿದಂತೆಯೇ ಹಿಂದಕ್ಕೆ ಹೋಯಿತು. ದಿನಾಲೂ ಹೀಗೆಯೇ ಏನು ಎಂದು ಕೇಳಿದೆ.

“ಅವರಕಿಂತ ಮದಲ ಉಣ್ಣಾಕ ಮನಸ ಬರೂದಿಲ್ಲಣ್ಣಾ. ಅವ್ವಗ ಹೇಳಬ್ಯಾಡ, ನೌಕರಿ ಬಿಡಸ್ತಾಳ.”

ಹೇಳಲಿಲ್ಲ. ಅವ್ವ ನೊಂದಾಳು, ನೇಮ ಸಡಿಲಿಸಿದರೆ ಬಸದಿಯಲ್ಲಿ ನಾಲ್ಕು ಮಂದಿ ಏನೆಂದಾರು ಎಂದು ಎಲ್ಲದಕ್ಕೂ ಚಿಂತಿಸಿದೆ, ತಂಗಿಯ ಕುತ್ತಿಗೆಯ ಎಲುಬು ಎದ್ದು ಕಾಣುತ್ತಿದ್ದುದೊಂದನ್ನು ಬಿಟ್ಟು. ಚೆನ್ನಾಗಿ ಉಣ್ಣುತ್ತಾಳೆಂದು ಅವ್ವನಿಗೆ ವರದಿ ಒಪ್ಪಿಸಿದೆ. ಕಾಣದ ಹುಳುವಿಗೆ ಅಂಜುವವನಿಗೆ ಕಣ್ಣೆದುರಿನ ಜೀವ ಕಾಣಲಿಲ್ಲ. ಮರುವರ್ಷ ವಾರ್ಡಿನ ಜ್ವರ ಅವಳಿಗೂ ತಗಲಿತು. ಸೊರಗಿದ ಮೈ ತಾಳಲಿಲ್ಲ. ಅವಳ ಟ್ರಂಕಿನಲ್ಲಿ ಈ ಗಡಿಯಾರ ಮನೆಗೆ ಬಂತು.

ಆಗ ಎಲ್ಲ ಹೇಳಿದೆ. ಅವ್ವ ಬಹಳ ಹೊತ್ತು ಗಡಿಯಾರವನ್ನು ಸೆರಗಿನಿಂದ ಒರೆಸುತ್ತಿದ್ದಳು.

“ನನಗೊಂದ ಮಾತು ಹೇಳಿದ್ದರ, ಕತ್ತಲಾದ್ರೂ ಉಣ್ಣವ್ವಾ ಅಂತ ನಾನ ಬರಸ್ತಿದ್ನಲ್ಲೋ ತಮ್ಮಾ.”

ಕಳೆದ ಮಳೆಗಾಲದಲ್ಲಿ ಮಗಳಿಗೆ ಜ್ವರ ಬಂದು, ಹೆಂಡತಿ ಹಗಲೆಲ್ಲ ಹಾಸಿಗೆಯ ಬಳಿಯಿಂದ ಉಣ್ಣಲೂ ಏಳಲಿಲ್ಲ. ದೀಪ ಹಚ್ಚಿದ ಮೇಲೆ ನಾನೇ ತಟ್ಟೆಗೆ ಬಡಿಸಿ ಅವಳ ಮುಂದಿಟ್ಟೆ. ಅವಳು ಗೂಟದ ಕಡೆ ನೋಡಿದಳು. ನಾನು ಗಡಿಯಾರವನ್ನು ಇಳಿಸಿ ಜೇಬಿಗೆ ಹಾಕಿಕೊಂಡು, ಅವಳು ಉಂಡು ಮುಗಿಸುವವರೆಗೂ ಅಲ್ಲೇ ಕೂತೆ.